ಮುಚ್ಚಳ ಒರೆಸಿದವನು

ಎಣ್ಣೆ ಮೇಲಿನಿಂದಲೇ ಇಳಿಯುತ್ತಿರಬಾರದೇಕೆ? ಫಿಲ್ಟರಿನ ಬಾಯಿ ಸಡಿಲಾಗಿರಬಹುದು. ಇಲ್ಲವೇ ಒತ್ತಡ ಅಳೆಯುವ ಸೆನ್ಸರಿನ ಬುಡ. ಕಾರು ಓಡುವಾಗ ಗಾಳಿ ಎಣ್ಣೆಯನ್ನು ಎಲ್ಲಿಂದ ಎಲ್ಲಿಗೋ ಎಳೆದುಕೊಂಡು ಹೋಗುತ್ತದೆ. ಹನಿ ಬಿದ್ದ ಜಾಗಕ್ಕೂ ಸೋರುವ ಜಾಗಕ್ಕೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ಹಾಗೆಂದು ಅಣ್ಣನೇ ಕಲಿಸಿದ್ದ. ಆದರೂ ಲಿಫ್ಟಿನ ಮೇಲಿದ್ದ ಹಳದಿ ಕಾರಿನ ಕೆಳಗೆ ಕತ್ತೆತ್ತಿ ನಿಂತ ತಮ್ಮನಿಗೆ ಕೈಯಲ್ಲಿದ್ದ ನೀಲಿ ದೀಪ ಹೊತ್ತಿಸಲು ಮನಸ್ಸು ಬರಲಿಲ್ಲ.

ಎಣ್ಣೆಗೆ ಬಣ್ಣ ಬೆರೆಸಿ, ಎಂಜಿನ್ನಿನ ಹೊಟ್ಟೆಯನ್ನು ಚೊಕ್ಕಟವಾಗಿ ತೊಳೆದು, ಕಾರನ್ನು ಹೆದ್ದಾರಿಯಲ್ಲಿ ಒಂದು ಸುತ್ತು ಓಡಿಸಿ ತಂದಾಗಿತ್ತು. ನೀಲಿ ಬೆಳಕು ಬಿದ್ದರೆ ಸೋರಿದ ಎಣ್ಣೆ ಹಸಿರಾಗಿ ಹೊಳೆಯುತ್ತದೆ. ದೀಪ ಹೊತ್ತಿಸಿ ಮೊದಲು ಫಿಲ್ಟರಿನ ಕಡೆ ಹಿಡಿದ. ಒಣಗಿತ್ತು. ಸೆನ್ಸರಿನ ಬುಡಕ್ಕೆ ಹಿಡಿದ. ಅದೂ ಒಣಗಿತ್ತು. ಕೊನೆಗೆ ಬೇರೆ ದಾರಿಯಿಲ್ಲದೆ ಎಂಜಿನ್ನಿನ ತುದಿಯ ಲೋಹದ ಮುಚ್ಚಳದ ಕಡೆ ತಿರುಗಿಸಿದ. ಕೆಳಗಿನ ಮೂಲೆಯಿಂದ ಹಸಿರು ಗೆರೆಯೊಂದು ಹುಲ್ಲಿನ ಎಸಳಿನಷ್ಟು ತೆಳ್ಳಗೆ ಇಳಿದು ಬಂದಿತ್ತು. ಹೋದ ಸಲವೂ ಅಲ್ಲೇ. ಅದರ ಹಿಂದಿನ ಸಲವೂ ಅಲ್ಲೇ.

"ಏನಂತೆ?" ಪಕ್ಕದ ಕಾರಿನ ಕೆಳಗಿನಿಂದ ಅಣ್ಣನ ದನಿ ಬಂತು.

"ನೋಡ್ತಿದೀನಿ."

"ನೋಡೋದೇನಿದೆ? ಸೆನ್ಸರೇ ಇರುತ್ತೆ. ಬೆಳಗ್ಗೆನೇ ಹೇಳಿದ್ನಲ್ಲ."

ತಮ್ಮ ದೀಪ ಆರಿಸಿದ.

ಆ ವರ್ಕ್‌ಶಾಪಿನಲ್ಲಿ ಅವನ ಹೆಸರೇ ತಮ್ಮ. ತಲೆ ಅರ್ಧ ಬೆಳ್ಳಗಾಗಿದ್ದರೂ ಮ್ಯಾನೇಜರಿಂದ ಹಿಡಿದು ಕಾರು ತೊಳೆಯುವವರವರೆಗೆ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಅಣ್ಣನನ್ನು ಮೇಷ್ಟ್ರು ಅನ್ನುತ್ತಿದ್ದರು. ಅಲ್ಲಿ ಸ್ಪ್ಯಾನರ್ ಹಿಡಿದವರೆಲ್ಲ ಅವನ ಕೈಕೆಳಗೆ ಕಲಿತವರೇ. ಗಾಜಿನ ಕೋಣೆಯಲ್ಲಿ ಕುರ್ಚಿ ಕೊಡುತ್ತೇವೆ ಎಂದು ಕಂಪನಿಯವರು ಎರಡು ಸಲ ಕರೆದಿದ್ದರು. "ಅಲ್ಲಿ ಕೂತು ಏನು ಮಾಡ್ಲಿ, ಮೀನಿನ ಹಾಗೆ ಬಾಯಿ ಆಡಿಸ್ಲಾ?" ಎಂದು ಅಣ್ಣ ವಾಪಸು ಎಂಜಿನ್ನಿನ ಬಳಿಗೆ ಬಂದಿದ್ದ.

ಈ ಮಾದರಿಯ ಕಾರಿನ ಆ ಮುಚ್ಚಳಕ್ಕೆ ರಬ್ಬರಿನ ಪಟ್ಟಿ ಇಲ್ಲ. ಅಂಚಿನ ಸುತ್ತ ಅಂಟನ್ನು ದಾರದಂತೆ ಎಳೆದು ಎಂಜಿನ್ನಿಗೆ ಕೂರಿಸಬೇಕು. ಅದಕ್ಕೆ ಮುಂಚೆ ಹಳೆಯ ಅಂಟು ಒಂದು ಚೂರೂ ಉಳಿಯದಂತೆ ಪ್ಲಾಸ್ಟಿಕ್ಕಿನ ಅಲಗಿನಿಂದ ಕೆರೆದು ಒರೆಸಬೇಕು. ಅಂಟಿನದೂ ಲೋಹದ್ದೂ ಒಂದೇ ಬೂದು ಬಣ್ಣ. ಪೊರೆಯಂತೆ ಉಳಿದದ್ದು ಎಂಥ ಕಣ್ಣಿಗೂ ಕಾಣುವುದಿಲ್ಲ. ಅದಕ್ಕೇ ಕಣ್ಣು ಮುಚ್ಚಿ ಅಂಚಿನ ಮೇಲೆ ಬೆರಳಾಡಿಸುವುದು ಅಣ್ಣ ತಂದ ಪದ್ಧತಿ. ಬೆರಳು ಎಲ್ಲೂ ತಡೆಯಬಾರದು. ಇಬ್ಬರೂ ಸೇರಿ ಮಾಡುವಾಗ ಅಣ್ಣನ ಮಂಡಿಯ ದೆಸೆಯಿಂದ ಕೆಲಸ ಹಂಚಿಹೋಗಿತ್ತು: ಮುಚ್ಚಳವನ್ನು ಮೇಜಿನ ಮೇಲಿಟ್ಟುಕೊಂಡು ಕೂತು ಒರೆಸುವುದು ಅಣ್ಣ, ಬಗ್ಗಿ ಎಂಜಿನ್ನಿನ ಅಂಚು ಒರೆಸುವುದು ತಮ್ಮ.

ಹೋದ ಭಾನುವಾರ ಅಣ್ಣನ ಮನೆಗೆ ಹೋದಾಗ ಅತ್ತಿಗೆ ನಗುತ್ತ ಹೇಳಿದ ಮಾತು ಅವನಿಗೆ ನೆನಪಾಯಿತು. "ನಿಮ್ಮಣ್ಣನಿಗೆ ಈ ವಯಸ್ಸಲ್ಲಿ ಪ್ರೀತಿ ಉಕ್ಕಿ ಹರೀತಿದೆ ನೋಡಪ್ಪ. ಅಂಗಿ ಗುಂಡಿ ಹಾಕೋಕೂ ನಾನೇ ಬರ್ಬೇಕು. ಮದುವೆ ಆದ ಹೊಸದ್ರಲ್ಲಿ ಇಷ್ಟು ಹತ್ರ ನಿಂತಿದ್ರೆ ಎಷ್ಟು ಚೆನ್ನಾಗಿರ್ತಿತ್ತು!" ಅಣ್ಣ ಪೇಪರಿನ ಹಿಂದಿನಿಂದ "ಸುಮ್ನಿರೇ" ಎಂದಿದ್ದ. ತಮ್ಮನೂ ಆಗ ನಕ್ಕಿದ್ದ.

ಮಧ್ಯಾಹ್ನ ಕಾರಿನ ಒಡತಿ ಬಂದರು. ಹಲ್ಲಿನ ಡಾಕ್ಟರು. ಕಾರನ್ನು ಎಷ್ಟೋ ವರ್ಷ ಆಸೆಪಟ್ಟು ಕೊಂಡವರು. ಅದಕ್ಕೇ ಅವರ ಸಿಟ್ಟು ಕೂಡ ಮುದ್ದಿನಂತೆ ಕೇಳಿಸುತ್ತಿತ್ತು.

"ನಮ್ಮ ಬೀದಿಯವರು ನನ್ನ ಕಾರನ್ನ ಪಾಪು ಅಂತಾರೆ, ಗೊತ್ತಾ ಮೇಷ್ಟ್ರೇ? ಮಲಗಿದ ಕಡೆಯೆಲ್ಲ ಒದ್ದೆ ಮಾಡುತ್ತೆ ಅಂತ. ದಿನಾ ಕೆಳಗೆ ರಟ್ಟು ಹಾಸ್ತೀನಿ. ಇಷ್ಟು ಸೇವೆ ನನ್ನ ಮಗನಿಗೂ ಮಾಡಿಲ್ಲ."

"ಈ ಸಲ ಸರಿಹೋಗುತ್ತೆ ಮೇಡಂ," ಅಣ್ಣ ಕೈ ಒರೆಸಿಕೊಳ್ಳುತ್ತ ಅಂದ.

"ಹೋದ ಸಲಾನೂ ನೀವು ಇದೇ ಮಾತು, ಇದೇ ಬಟ್ಟೇಲಿ ಕೈ ಒರೆಸ್ಕೊಂಡು ಹೇಳಿದ್ರಿ." ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ ಅಣ್ಣನ ಬಲಗೈ ನೋಡಿದರು. "ಇದೇನಿದು? ತೋರುಬೆರಳಲ್ಲಿ ಬೊಬ್ಬೆ ಬಂದಿದೆಯಲ್ಲ. ಸುಟ್ಕೊಂಡ್ರಾ?"

ಅಣ್ಣ ಕೈಯನ್ನು ತಿರುಗಿಸಿ, ಬೇರೆ ಯಾರದೋ ಕೈ ಎಂಬಂತೆ ನೋಡಿದ. ಬೊಬ್ಬೆ ಹೊಸದು, ಒಳಗೆ ನೀರು ತುಂಬಿತ್ತು. "ಹಳೇದು ಮೇಡಂ," ಅಂದ.

"ನೋವಿಲ್ವಾ?"

"ಮೆಕ್ಯಾನಿಕ್ ಕೈಗೆ ಎಂಥ ನೋವು? ಎಮ್ಮೆ ಚರ್ಮ."

ಡಾಕ್ಟರು ಇನ್ನೇನೋ ಕೇಳುವವರಿದ್ದರು. ಅಷ್ಟರಲ್ಲಿ ಅಣ್ಣ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು ಹೊರಟುಬಿಟ್ಟ. ಅವರು ತಮ್ಮನ ಕಡೆ ತಿರುಗಿದರು. ತಮ್ಮ ನೆಲ ನೋಡಿದ.

ಸಂಜೆ ಮ್ಯಾನೇಜರು ತಮ್ಮನನ್ನು ಗಾಜಿನ ಕೋಣೆಗೆ ಕರೆದು ಬಾಗಿಲು ಹಾಕಿದ. ಒಂದೇ ಜಾಗ ಮತ್ತೆ ಮತ್ತೆ ಸೋರಿದ್ದರಿಂದ, ವಾರಂಟಿಯಲ್ಲಿ ಇನ್ನೊಮ್ಮೆ ಕೆಲಸ ಮಾಡಬೇಕಾದರೆ ಮುಚ್ಚಳವನ್ನು ಕಂಪನಿಯ ಇನ್‌ಸ್ಪೆಕ್ಟರ ಎದುರಿಗೇ ಬಿಚ್ಚಬೇಕಂತೆ. ನಾಳೆಯೇ ಬರುತ್ತಾನಂತೆ.

"ಮುಚ್ಚಳದ್ದೇ ದೋಷ ಅಂತಾದ್ರೆ ಹೊಸದು ಕಳಿಸ್ತಾರೆ, ನಮಗೇನಿಲ್ಲ. ಕೈತಪ್ಪು ಅಂತಾದ್ರೆ ಯಾರ ಕೈ ಅಂತ ಕೇಳ್ತಾರೆ. ಅವರನ್ನ ಎಂಜಿನ್ ಕೆಲಸದಿಂದ ತೆಗೆದುಬಿಡಿ ಅಂತಾರೆ." ಮ್ಯಾನೇಜರು ಗಾಜಿನಾಚೆ ನೋಡಿದ. ಅಲ್ಲಿ ಅಣ್ಣ ಯಾರಿಗೋ ಏನೋ ವಿವರಿಸುತ್ತಿದ್ದ. "ಮೇಷ್ಟ್ರಿಗೆ ಕಾರುಗಳ ಬೀಗದ ಕೈ ಎಣಿಸೋ ಕೆಲಸ ಕೊಟ್ರೆ ಒಂದು ವಾರ ಬದುಕ್ತಾರಾ?"

ತಮ್ಮ ಬಾಗಿಲು ತೆರೆದು ಹೊರಗೆ ಬಂದ.

ಮಾರನೆಯ ದಿನ ಎಂಜಿನ್ನನ್ನು ಕೆಳಗಿಳಿಸಿ ಗಾಲಿಮೇಜಿನ ಮೇಲೆ ಕೂರಿಸಿದರು. ಇನ್‌ಸ್ಪೆಕ್ಟರು ಸಣ್ಣ ವಯಸ್ಸಿನವನು, ಮೆತ್ತನೆ ಮಾತಿನವನು. ಯಾರನ್ನೂ ಬೆದರಿಸಲು ಬಂದವನಂತೆ ಕಾಣಲಿಲ್ಲ. ಬಂದವನೇ ಅಣ್ಣನಿಗೆ ಕೈಮುಗಿದು, "ನಿಮ್ಮ ವಿಷಯ ತುಂಬ ಕೇಳಿದೀನಿ ಮೇಷ್ಟ್ರೇ," ಅಂದ. ಅಣ್ಣನೇ ಬೋಲ್ಟುಗಳನ್ನು ಬಿಚ್ಚಿದ. ಒಂದು ಬೋಲ್ಟು ಅವನ ಬೆರಳಿನಿಂದ ಜಾರಿ ಬಿತ್ತು. ಅದು ಉರುಳುತ್ತ ಹೋಗಿ ಗಾಲಿಮೇಜಿನ ಕಾಲಿಗೆ ತಗುಲಿ ನಿಂತಿತು.

ಮುಚ್ಚಳ ಕಳಚಿತು. ಇನ್‌ಸ್ಪೆಕ್ಟರು ಅದನ್ನು ಮೇಜಿನ ಮೇಲೆ ಮಗುಚಿಟ್ಟು, ಕೆಳಗಿನ ಮೂಲೆಗೆ ಉಗುರು ಆನಿಸಿ ಮೆಲ್ಲನೆ ಎಬ್ಬಿಸಿದ. ಹೊಸ ಅಂಟು ಸಿಪ್ಪೆಯಂತೆ ಎದ್ದು ಬಂತು. ಅದರ ಅಡಿಯಲ್ಲಿ ಲೋಹಕ್ಕೆ ಕಚ್ಚಿಕೊಂಡು ಹಳೆಯದರ ಪೊರೆಯೊಂದು ಹಾಗೇ ಉಳಿದಿತ್ತು, ಅಕ್ಕಿಕಾಳಿನಷ್ಟಗಲ.

"ಮುಚ್ಚಳದ್ದು ತಪ್ಪಿಲ್ಲ," ಇನ್‌ಸ್ಪೆಕ್ಟರು ಬೇಸರದಿಂದಲೇ ಅಂದ. "ಹಳೇದು ಹೋಗಿಲ್ಲ. ಇದನ್ನ ಒರೆಸಿದವರು ಯಾರು?"

ಅಣ್ಣ ಬಗ್ಗಿ ಆ ಮೂಲೆಯನ್ನೇ ನೋಡುತ್ತಿದ್ದ. ಅವನ ತುಟಿ ಅಲುಗಿತು.

"ನಾನು," ಅಂದ ತಮ್ಮ.

ಹೇಳಿದ ಮೇಲೆ ಅವನಿಗೆ ತನ್ನ ದನಿ ಎಷ್ಟು ಸಲೀಸಾಗಿ ಬಂತೆಂದು ಆಶ್ಚರ್ಯವಾಯಿತು. ಅಣ್ಣ ತಲೆ ಎತ್ತಿದ. ಅವನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಕೃತಜ್ಞತೆಯೂ ಇರಲಿಲ್ಲ. ಲೆಕ್ಕ ತಪ್ಪಿದವನು ಮತ್ತೆ ಮೊದಲಿಂದ ಎಣಿಸುವಾಗಿನ ಮುಖ. ಒಂದು ಕ್ಷಣ ಹಾಗೆ ನೋಡಿ, ಕೈಯಲ್ಲಿದ್ದ ಸ್ಪ್ಯಾನರನ್ನು ಅದರ ಗೂಡಿನಲ್ಲಿ ಇಡಲು ತಿರುಗಿದ. ಗೂಡು ಅವನ ಬೆರಳಿಗೆ ತಕ್ಷಣ ಸಿಗಲಿಲ್ಲ.

"ಹೇಳಿದ್ದು ಒಳ್ಳೇದಾಯ್ತು," ಇನ್‌ಸ್ಪೆಕ್ಟರು ಅಂದ. "ಹಾಗಾದ್ರೆ ನೀವಿನ್ನು ಎಂಜಿನ್ ಮುಟ್ಟಬೇಡಿ. ಸದ್ಯಕ್ಕೆ ಟೈರ್ ಕಡೆ ಇರಿ. ಈ ಕೆಲಸಾನ ಮೇಷ್ಟ್ರು ಒಬ್ರೇ ಮಾಡ್ಲಿ, ಎರಡೂ ಅಂಚು. ಇದು ಇನ್ನೊಂದ್ಸಲ ಸೋರಿದ್ರೆ ಈ ವರ್ಕ್‌ಶಾಪಿಗೆ ಎಂಜಿನ್ ಕೆಲಸಾನೇ ಕಳಿಸಲ್ಲ, ನನ್ನ ಕೈಯಲ್ಲೂ ಏನಿರಲ್ಲ." ಹೀಗೆಂದು ಮ್ಯಾನೇಜರ ಜೊತೆ ಗಾಜಿನ ಕೋಣೆಗೆ ಹೋದ.

ಈ ಮಾತು ತಮ್ಮನಿಗೆ ಹೊಳೆದೇ ಇರಲಿಲ್ಲ. ಅಣ್ಣನನ್ನು ಉಳಿಸಲು ಹೋಗಿ ಅವನೊಬ್ಬನನ್ನೇ ಆ ಮುಚ್ಚಳದ ಮುಂದೆ ಕೂರಿಸಿದ್ದ.

ಟೈರುಗಳ ಕಟ್ಟೆ ಎದುರಿಗೇ ಇತ್ತು. ತಮ್ಮ ಒಂದು ಚಕ್ರವನ್ನು ಯಂತ್ರಕ್ಕೆ ಏರಿಸಿ, ಅದು ತಿರುಗುವುದನ್ನು ನೋಡುವವನಂತೆ ನಿಂತು ಅಣ್ಣನನ್ನೇ ನೋಡಿದ. ಅಣ್ಣ ಮೊದಲು ಬಗ್ಗಿ ಎಂಜಿನ್ನಿನ ಅಂಚನ್ನು ಕೆರೆದ. ಮಂಡಿ ನೋಯುತ್ತಿತ್ತೆಂದು ಅವನು ನಿಂತ ರೀತಿಯಿಂದಲೇ ಗೊತ್ತಾಗುತ್ತಿತ್ತು. ಆಮೇಲೆ ಮುಚ್ಚಳದೊಡನೆ ಕೂತ. ಕೆರೆದ, ಒರೆಸಿದ, ಕಣ್ಣು ಮುಚ್ಚಿ ಬೆರಳಾಡಿಸಿದ. ಮತ್ತೆ ಕೆರೆದ. ಬಲಗೈ ಬಿಟ್ಟು ಎಡಗೈ ಬೆರಳಾಡಿಸಿದ. ಅಂಚನ್ನು ಕೆನ್ನೆಗೆ ಒತ್ತಿ ನೋಡಿದ. ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿದಾಗ ತಮ್ಮ ಚಕ್ರದ ಕಡೆ ಬಗ್ಗಿಬಿಟ್ಟ.

ಅಂಟಿನ ಕೊಳವೆ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಒಮ್ಮೆ ಎಳೆದರೆ ಅದು ಕಾಯುವುದಿಲ್ಲ, ಕೂಡಲೇ ಮುಚ್ಚಳ ಕೂರಿಸಲೇಬೇಕು. ಅಣ್ಣ ಅದನ್ನು ಕೈಗೆತ್ತಿಕೊಂಡ, ಕೆಳಗಿಟ್ಟ, ಮತ್ತೆ ಎತ್ತಿಕೊಂಡ.

"ಏ ತಮ್ಮಾ!"

ಇಡೀ ವರ್ಕ್‌ಶಾಪಿಗೆ ಕೇಳುವ ದನಿ. ಕೆಲಸ ಮಾಡುತ್ತಿದ್ದವರೆಲ್ಲ ತಿರುಗಿ ನೋಡಿದರು.

"ಬಾ ಇಲ್ಲಿ. ಇಷ್ಟು ವರ್ಷ ಆದ್ಮೇಲೂ ಒರೆಸೋದು ಬರಲ್ಲ ಅಂದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಬಾ, ಮೊದಲಿಂದ ಕಲಿ."

"ಮೇಷ್ಟ್ರು ಬೆತ್ತ ತಗೊಂಡ್ರು!" ಯಾರೋ ಅಂದರು. ಎಲ್ಲರೂ ನಕ್ಕರು. ತಮ್ಮ ಕೈ ಒರೆಸಿಕೊಳ್ಳುತ್ತ ಹೋಗಿ ಮೇಜಿನ ಮುಂದೆ ನಿಂತ.

"ಕಣ್ಣು ಮುಚ್ಚು. ಬೆರಳಿಡು. ಅವಸರ ಬೇಡ."

ತಮ್ಮ ಕಣ್ಣು ಮುಚ್ಚಿದ. ಲೋಹ ಇನ್ನೂ ಅಣ್ಣನ ಕೈಯ ಬಿಸಿಯಲ್ಲಿತ್ತು. ಮೇಲಿನ ಅಂಚು ನುಣ್ಣಗೆ ಸಾಗಿತು. ತಿರುವಿನಲ್ಲಿ ಬೆರಳು ಗಕ್ಕನೆ ತಡೆಯಿತು. ಅವನು ಅದರ ಮೇಲೆ ಬೆರಳನ್ನು ಹಿಂದೆ ಮುಂದೆ ಆಡಿಸಿದ. ಅನುಮಾನವೇ ಇರಲಿಲ್ಲ.

"ಏನಾದ್ರೂ ಸಿಕ್ತಾ?"

"ಇಲ್ಲಿ," ಅಂದ ತಮ್ಮ, ಕಣ್ಣು ಬಿಡದೆ.

ಟೈರಿನ ಯಂತ್ರ ಯಾರೂ ಇಲ್ಲದೆ ತಿರುಗುತ್ತಿರುವುದು ಕೇಳಿಸುತ್ತಿತ್ತು.

"ಹೂಂ," ಅಂದ ಅಣ್ಣ ಆಮೇಲೆ. "ಬೇಕಂತಲೇ ಬಿಟ್ಟಿದ್ದೆ. ನಿನಗೆ ಸಿಗುತ್ತೋ ಇಲ್ವೋ ನೋಡೋಣ ಅಂತ. ಕೆರಿ ಅದನ್ನ."

ತಮ್ಮ ಕೆರೆದು ಒರೆಸಿದ. ಮತ್ತೆ ಬೆರಳಿಟ್ಟು ಮುಂದೆ ಸಾಗಿದ. ಕೆಳಗಿನ ಮೂಲೆಯ ಹತ್ತಿರ ಬೆರಳು ಪುನಃ ನಿಂತಿತು.

"ಇಲ್ಲೂ ಇದೆ."

"ಅದೂ ಬೇಕಂತ ಬಿಟ್ಟಿದ್ದೇ."

"ಇನ್ನೂ ಎಷ್ಟು ಕಡೆ ಬಿಟ್ಟಿದೀಯ ಅಣ್ಣಾ?"

"ನನ್ನನ್ನೇನು ಕೇಳ್ತೀಯ?" ಅಣ್ಣನ ದನಿ ಒಮ್ಮೆಗೇ ಇಳಿದು, ಅವರಿಬ್ಬರಿಗೆ ಮಾತ್ರ ಕೇಳುವಷ್ಟಾಯಿತು. "ನೀನು ಹುಡುಕು."

ತಮ್ಮ ಹುಡುಕಿದ. ಮುಚ್ಚಳದ ಸುತ್ತ, ಆಮೇಲೆ ಬಗ್ಗಿ ಎಂಜಿನ್ನಿನ ಸುತ್ತ. ಇನ್ನೆಲ್ಲೂ ತಡೆಯದಾದಾಗ ಕಣ್ಣು ಬಿಟ್ಟ. ಅಣ್ಣ ಅಷ್ಟು ಹೊತ್ತೂ ಅವನ ಬೆರಳಿನ ತುದಿಯನ್ನೇ ನೋಡುತ್ತ ಕೂತಿದ್ದ. ಆಮೇಲೆ ಅಣ್ಣ ಅಂಟಿನ ಕೊಳವೆ ಎತ್ತಿಕೊಂಡು, ಮೊಣಕೈಯನ್ನು ಮೇಜಿಗೆ ಊರಿ, ಒಂದೇ ಎಳೆತಕ್ಕೆ ಅಂಚಿನ ಸುತ್ತ ದಾರ ಬಿಟ್ಟ. ಅದು ಎಲ್ಲೂ ದಪ್ಪಗಾಗಲಿಲ್ಲ, ಎಲ್ಲೂ ತುಂಡಾಗಲಿಲ್ಲ. ಆ ಕೆಲಸಕ್ಕೆ ಬೆರಳ ತುದಿ ಬೇಕಿರಲಿಲ್ಲ, ತೋಳು ಸಾಕಾಗಿತ್ತು. ಗಾಜಿನ ಕೋಣೆಯಿಂದ ಹೊರಬಂದ ಇನ್‌ಸ್ಪೆಕ್ಟರು ಅದನ್ನು ನಿಂತು ನೋಡಿ, "ಇದು ಕೈ ಅಂದ್ರೆ," ಅಂದ.

ಅಂದಿನಿಂದ ತಮ್ಮ ಟೈರಿನ ಕಡೆಯವನಾದ. ಆದರೆ ಎಂಜಿನ್ ಬಿಚ್ಚಿದಾಗಲೆಲ್ಲ "ಏ ತಮ್ಮಾ, ಬಾ, ಕಲಿ" ಎಂಬ ಕೂಗು ಬರುತ್ತಿತ್ತು. ವರ್ಕ್‌ಶಾಪಿನವರಿಗೆ ಅದೊಂದು ತಮಾಷೆಯಾಯಿತು. ತಮ್ಮ ಪ್ರತಿ ಸಲವೂ ಹೋಗಿ ಕಣ್ಣು ಮುಚ್ಚುತ್ತಿದ್ದ. ಅಣ್ಣ ಪ್ರತಿ ಸಲವೂ ಒಂದೆರಡು ಕಡೆ ಬೇಕಂತಲೇ ಬಿಟ್ಟಿರುತ್ತಿದ್ದ.

ಕೆಲವು ತಿಂಗಳಾದ ಮೇಲೆ ಡಾಕ್ಟರು ಬಂದರು, ಟೈರು ಬದಲಿಸಲು. ಕಾರಿನಿಂದ ಇಳಿದವರೇ ಹಿಂದಿನ ಸೀಟಿನಿಂದ ದೊಡ್ಡದೊಂದು ರಟ್ಟು ತೆಗೆದು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಅದರ ಮೇಲೆ ಟೈರಿನ ಧೂಳಿನ ಗುರುತು ಬಿಟ್ಟರೆ ಒಂದು ಚುಕ್ಕೆಯೂ ಇರಲಿಲ್ಲ.

"ನೋಡಿ ಮೇಷ್ಟ್ರೇ! ಪಾಪು ದೊಡ್ಡದಾಯ್ತು."

ಅಣ್ಣ ರಟ್ಟನ್ನು ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದ. ಅವನ ಅಂಗಿಯ ಗುಂಡಿಗಳೆಲ್ಲ ನೇರವಾಗಿ ಕೂತಿದ್ದವು. "ನಾನೇನೂ ಮಾಡಿಲ್ಲ ಮೇಡಂ," ಅಂದ, ಎಲ್ಲರಿಗೂ ಕೇಳುವಂತೆ. "ನಮ್ಮ ತಮ್ಮನಿಗೆ ಈಗ ಒರೆಸೋದು ಬಂತು, ಅಷ್ಟೆ."

ಎಲ್ಲರೂ ನಕ್ಕರು. ಟೈರಿನ ಕಟ್ಟೆಯಲ್ಲಿ ನಿಂತಿದ್ದ ತಮ್ಮನೂ ನಕ್ಕ. ಸೋರುತ್ತಿದ್ದಾಗ ಆ ಮುಚ್ಚಳ ಒರೆಸಿದ್ದು ತಾನಲ್ಲ ಎಂದು ಅವನು ಯಾರಿಗೂ ಹೇಳಲಿಲ್ಲ, ಅಣ್ಣನಿಗೂ.