ಐದನೆಯ ದಿನದ ದೀಪ

ಗೌರಾಬಾಯಿಯ ಮನೆಯಿಂದ ಐದನೆಯ ದಿನಕ್ಕೆ ಕರೆ ಬರಲಿಲ್ಲ. ಸೂಲಗಿತ್ತಿ ಲಗಮವ್ವ ಬೆಳಗಿನಿಂದ ಎರಡು ಸಲ ಬೀದಿಗೆ ಬಂದು ನೋಡಿದಳು. ೧೯೯೧ರ ಕಬ್ಬಿನ ಹಂಗಾಮು; ಬೇಡಕಿಹಾಳದ ಗಾಡಿಗಳೆಲ್ಲ ಕಾರ್ಖಾನೆಯ ಹಾದಿ ಹಿಡಿದಿದ್ದವು.

ಗೌರಾಬಾಯಿಯ ಸೊಸೆ ಸುಗಂಧಾಳ ಹೆರಿಗೆ ಮಾಡಿಸಿದವಳು ಲಗಮವ್ವನೇ. ಐದನೆಯ ದಿನ ಶೆಟಿಗೆವ್ವ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ. ಆ ತಾಯಿಯ ಪೂಜೆ ಮಾಡಿ, ಮುಂದಿಟ್ಟ ದೀಪವನ್ನು ಬುಟ್ಟಿಯಲ್ಲಿ ಮುಚ್ಚಿ, ನಸುಕಿನಲ್ಲಿ ಊರ ಸೀಮೆಗೆ ಮುಟ್ಟಿಸಬೇಕು. ದೀಪ ಯಾರ ಕಣ್ಣಿಗೂ ಬೀಳಬಾರದು. ಅದನ್ನು ಇಳಿಸುವ ತನಕ ಹೊತ್ತವಳು ತುಟಿ ಬಿಚ್ಚಬಾರದು.

ಆ ಮೌನವೇ ಲಗಮವ್ವನಿಗೆ ಮುಳುವಾಗಿತ್ತು. ಹೋದ ತಿಂಗಳು ಊರಾಚೆಯ ಹೊಲದಲ್ಲಿ ಕುರಿ ನಿಲ್ಲಿಸಿದ್ದ ಅಲೆಮಾರಿ ಕುರಿಗಾರ್ತಿ ತಾರವ್ವ ಅಲ್ಲೇ ಹಡೆದಳು. ಊರಿಗೆ ಸುದ್ದಿ ಇರಲಿಲ್ಲ. ಆ ಕೂಸಿನ ಪೂಜೆಯನ್ನು ತನ್ನ ಮನೆಯಲ್ಲೇ ಮಾಡಿ ದೀಪ ಹೊತ್ತು ಹೋಗುವಾಗ, ಬುಟ್ಟಿಯಲ್ಲೇನೆಂದು ನೀರಿನ ನಳದ ಹತ್ತಿರ ಊರಿನ ಸತ್ತೆವ್ವ ಕೇಳಿದಳು, ಲಗಮವ್ವ ಉತ್ತರಿಸಲಿಲ್ಲ. ವಾರದೊಳಗೆ ಸತ್ತೆವ್ವನ ಎಮ್ಮೆಯ ಹಾಲು ಬತ್ತಿತು. ಸಾಕ್ಷಿ ಹೇಳಬೇಕಾದ ತಾರವ್ವ ಕುರಿಗಳ ಹಿಂದೆ ಮುಂದಿನೂರಿಗೆ ಹೋಗಿದ್ದಳು. ಲಗಮವ್ವ ಕರಣಿ, ಮಾಟ ಮಾಡುತ್ತಾಳೆಂದು ಸುದ್ದಿಯಾಯಿತು.

ಈಗ ಗೌರಾಬಾಯಿಯ ಮನೆಯ ಬಾಗಿಲೂ ಮುಚ್ಚಿದರೆ ಊರೇ ಮುಚ್ಚುತ್ತದೆ. ಲಗಮವ್ವ ಕರೆಯದಿದ್ದರೂ ಹೊರಟಳು.

‘ಇವತ್ತ ನೀ ಬ್ಯಾಡ ಲಗಮವ್ವ,’ ಎಂದಳು ಗೌರಾಬಾಯಿ, ಹೊಸ್ತಿಲಿಗೆ ಅಡ್ಡ ನಿಂತು.

‘ಯಾಕ್ರಿ ಬಾಯಾರ? ಬಾಯಿ ಬಿಟ್ಟ ಹೇಳ್ರಿ.’

‘ನೀ ದೃಷ್ಟಿ ತಗೀತಿ, ನಿಂಬಿಹಣ್ಣ ನಿವಾಳಸ್ತಿ. ಅದೂ ಕರಣಿನೂ ಎಲ್ಲಾ ಒಂದ ದಾರಿ ಅಲ್ಲೇನ?’

‘ಅಲ್ರಿ. ಉಪ್ಪು ಮೆಣಸಿನಕಾಯಿ ಒಲಿಗೆ ಹಾಕೂದು ಕೈಕಸಬು. ದೇವ್ರನ್ನ ನಂಬಿದವರೂ ಮಾಡ್ತಾರ, ನಂಬದವರೂ ಮಾಡ್ತಾರ. ಶೆಟಿಗೆವ್ವ ದೇವ್ರು; ಆಕಿ ಮುಂದ ಬರೇ ಬೇಡ್ಕೋತೀನಿ. ಕರಣಿ ಅಂದ್ರ ಒಬ್ಬರ ಮನಿ ಹಾಳಾಗ್ಲಿ ಅಂತ ಮಾಡೂದು. ಮೂರನ್ನೂ ಒಂದ ಚೀಲದಾಗ ತುಂಬಬ್ಯಾಡ್ರಿ.’

ನಿಪ್ಪಾಣಿಯಲ್ಲಿ ಕಾಲೇಜು ಓದಿದ್ದ ಸುಗಂಧಾ ಒಳಗಿನಿಂದಲೇ ಅಂದಳು: ‘ಅತ್ತಿ, ನಾ ಮಾಸಿಕದಾಗ ಓದೀನ್ರಿ. ವಿಲಾಯತಿಯಾಗ ವಿಕ್ಕಾ ಅಂತ ಒಂದ ಧರ್ಮ ಐತಂತ. ಭೂಮಿ, ಚಂದ್ರನ್ನ ಪೂಜಿಸ್ತಾರ, ಯಾರಿಗೂ ಕೇಡ ಮಾಡಬಾರ್ದು ಅಂತಾರ. ಅವರಿಗೂ ಮಂದಿ ಹಿಂಗ ಹೆದರ್ತಾರಂತ.’

‘ಅಲ್ಲೂ ಒಬ್ಬಾಕಿ ಸತ್ತೆವ್ವ ಅದಾಳಂದಂಗಾತು,’ ಎಂದಳು ಲಗಮವ್ವ.

ಗೌರಾಬಾಯಿಗೆ ನಗು ಬಂತು, ಆದರೂ ದಾರಿ ಬಿಡಲಿಲ್ಲ.

‘ಹಂಗಾದ್ರ ಪೂಜಿ ನಾ ಮಾಡ್ತೀನಿ, ನಿಮ್ಮ ಕಣ್ಣ ಮುಂದ,’ ಎಂದಳು ಲಗಮವ್ವ. ‘ ದೀಪ ನೀವ ಹೊರ್ರಿ. ಅದ್ರಾಗ ಕೇಡ ಇದ್ರ ನಿಮಗ ಮೊದಲ ಗೊತ್ತಾಗತೈತಿ.’

ಮೊಮ್ಮಗನ ಐದನೆಯ ದಿನ ತಪ್ಪಿಸುವ ಧೈರ್ಯ ಗೌರಾಬಾಯಿಗೂ ಇರಲಿಲ್ಲ. ಒಪ್ಪಿದಳು.

ರಾತ್ರಿ ಪೂಜೆ ಮುಗಿಯಿತು. ಮರುದಿನ ನಸುಕಿನಲ್ಲಿ ಗೌರಾಬಾಯಿ ಮುಖದ ಮೇಲೆ ಸೆರಗೆಳೆದು ಬುಟ್ಟಿ ಹೊತ್ತಳು. ಲಗಮವ್ವ ಹತ್ತು ಹೆಜ್ಜೆ ಹಿಂದೆ, ಗೋಡೆಯ ಮಗ್ಗುಲಿಗೆ ನಡೆದಳು. ನಳದ ಹತ್ತಿರ, ಬುಟ್ಟಿ ಹೊತ್ತವಳು ಲಗಮವ್ವನೆಂದೇ ತಿಳಿದ ಸತ್ತೆವ್ವನ ದನಿ ಕೇಳಿಸಿತು: ‘ಮತ್ತ ಹೊಂಟಳ ನೋಡ್ರಿ ಮಾಟಗಾತಿ. ಈ ಸಲ ಯಾರ ಎಮ್ಮಿ ಬೇ? ಬಾಯಾಗ ನಾಲಿಗಿ ಇಲ್ಲೇನ?’ ಹೆಂಗಸರು ಕಿಸಕ್ಕನೆ ನಕ್ಕರು. ಗೌರಾಬಾಯಿ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದಳು. ಹೆಜ್ಜೆ ಮಾತ್ರ ನಿಲ್ಲಲಿಲ್ಲ.

ಸೀಮೆಯಲ್ಲಿ ದೀಪ ಇಳಿಸಿ ಕಾಲು ತೊಳೆದ ಮೇಲೆಯೇ ಗೌರಾಬಾಯಿಗೆ ಬಾಯಿ ಬಂತು.

‘ಎಂಥಾ ಮಾತ ಅಂದ್ಲು ಲಗಮವ್ವ. ಕೂಸಿನ ಸಲುವಾಗಿ ನುಂಗಿದೆ.’

‘ನಾನೂ ತಾರವ್ವನ ಕೂಸಿನ ಸಲುವಾಗಿನ ನುಂಗಿದ್ದ್ರಿ.’

ಗೌರಾಬಾಯಿ ಅವಳತ್ತ ತಿರುಗಿದಳು. ‘ನಂದು ತಪ್ಪಾತು.’

‘ಅದನ್ನ ನನ್ನ ಮುಂದ ಹೇಳಿ ಏನ್ ಉಪಯೋಗ್ರಿ? ನಳದ ಹತ್ರ ಹೇಳ್ರಿ. ಮಂದಿ ಇನ್ನೂ ಅಲ್ಲೇ ಇರ್ತಾರ.’

‘ಈಗೇನ?’

‘ಈಗ.’

ನಳದ ಮುಂದೆ ಕೊಡಗಳ ಸಾಲಿತ್ತು. ಗೌರಾಬಾಯಿ ಸೆರಗು ಹಿಂದಕ್ಕೆ ಸರಿಸಿ ಸತ್ತೆವ್ವನ ಎದುರಿಗೆ ನಿಂತಳು.

‘ಆಗ ಬುಟ್ಟಿ ಹೊತ್ತ ಹೋದಾಕಿ ನಾನ. ಅದು ನನ್ನ ಮೊಮ್ಮಗನ ದೀಪ. ಈಕಿ ಹೋದ ತಿಂಗಳ ಹೊತ್ತಿದ್ದೂ ಅಂಥಾದ್ದ ದೀಪ. ಈಗ ಕೇಳ ನೀ ಏನ ಕೇಳ್ತಿ.’

ಸತ್ತೆವ್ವನ ಕೊಡ ತುಂಬಿ ಹರಿಯತೊಡಗಿತು. ಲಗಮವ್ವ ಮುಂದೆ ಬಂದು ಗೌರಾಬಾಯಿಯ ಮಗ್ಗುಲಿಗೆ ನಿಂತಳು. ಉತ್ತರ ಬರುವ ತನಕ ಅಲ್ಲಿಂದ ಕದಲುವ ವಿಚಾರ ಅವಳಿಗಿರಲಿಲ್ಲ.