ಕೂಸಿಗೆ ಎರೆದ ನೀರು

ಕೂಸಿಗೆ ಎರೆದ ನೀರನ್ನು ಆ ಮನೆಯಲ್ಲಿ ಚೆಲ್ಲುವ ಹಾಗಿರಲಿಲ್ಲ. ಟಬ್ಬಿನಲ್ಲಿ ಉಳಿದ ನೀರಲ್ಲೇ ಕೂಸಿನ ಬಟ್ಟೆ ಜಾಲಿಸಬೇಕು, ಅದರಲ್ಲೇ ನೆಲ ಒರೆಸಬೇಕು. ಕೊನೆಗೆ ಉಳಿದ ಕಪ್ಪು ನೀರನ್ನು ಬಕೆಟ್ಟಿಗೆ ಬಗ್ಗಿಸಿಕೊಂಡು ತೋಟದಕ್ಕ ಹೊರಡುತ್ತಿದ್ದಳು.

ಅವಳು ಆ ಫ್ಲಾಟುಗಳ ಮಾಲಿ. ಹಿಂದೆ ಫ್ಲಾಟು, ಮುಂದೆ ಅಂಗಡಿ, ನಡುವೆ ತೋಟ. ಜನರೇಟರಿನ ಬೆನ್ನಿಗೆ ಆಳುಗಳ ಕೋಣೆಗಳ ಸಾಲು, ಅದರಲ್ಲೊಂದು ಅವಳದು. ಕೆಲಸ ಇದ್ದರೆ ಕೋಣೆ, ಇಲ್ಲದಿದ್ದರೆ ಬೀದಿ. ಅಳಿಯ ಅನ್ನಿಸಿಕೊಂಡವನು ಮಗಳಿಗೆ ದಿನ ತುಂಬುವ ಮೊದಲೇ ತಲೆ ಮರೆಸಿಕೊಂಡಿದ್ದ. ಈಗ ಹಸಿ ಬಾಣಂತಿಯ ತಲೆ ಮೇಲೂ ಕೂಸಿನ ತಲೆ ಮೇಲೂ ಇದ್ದದ್ದು ಆ ಒಂದು ಸೂರು.

ತೋಟದಲ್ಲಿ ಮೊದಲು ಹುಲ್ಲಿತ್ತು. ನೀರು ಉಳಿಸಬೇಕು ಎಂದು ಮೇಲಿನವರು ತೀರ್ಮಾನಿಸಿದರು. ತೀರ್ಮಾನ ಅವರದು, ಗುದ್ದಲಿ ಇವಳದು. ತಾನೇ ಬೆಳೆಸಿದ ಹುಲ್ಲನ್ನು ತಾನೇ ಬಗೆದು ಹಾಕಿದಳು. ಅಲ್ಲಿ ಬಿಳಿ ಜಲ್ಲಿ ಹರಡಿ, ಕಪ್ಪು ಪೈಪು ಹಾಯಿಸಿ, ಪೈಪಿನ ಸಣ್ಣ ತೂತುಗಳಿಂದ ಹನಿ ಹನಿಯಾಗಿ ನೀರು ಕುಡಿಯುವ ಹೊಸ ಗಿಡ ನೆಟ್ಟರು. ಆಳುಗಳ ಸಾಲಿಗಿದ್ದ ಒಂದೇ ಒಂದು ನಲ್ಲಿಯನ್ನೂ ಮರೆಯಲಿಲ್ಲ. ಅದರ ಬಾಯಿಗೊಂದು ಬಿಲ್ಲೆ ಸಿಕ್ಕಿಸಿ, ನೀರು ನೂಲಿನಂತೆ ಇಳಿಯುವ ಹಾಗೆ ಮಾಡಿದರು. ಈಜುಕೊಳದ ತಂಟೆಗೆ ಯಾರೂ ಹೋಗಲಿಲ್ಲ.

ಬೇಸಿಗೆ ಬರುವಷ್ಟರಲ್ಲಿ ಪೈಪಿನ ತೂತುಗಳಿಗೆಲ್ಲ ಸುಣ್ಣ ಕಟ್ಟಿಕೊಂಡಿತು. ತೋಟದಕ್ಕ ಮ್ಯಾನೇಜರ ಹತ್ತಿರ ಓಡಿದಳು.

"ಸಾರ್, ಪೈಪಲ್ಲಿ ನೀರು ಬರ್ತಿಲ್ಲ."

ಅವನು ಮೊಬೈಲನ್ನು ಅವಳ ಮೂಗಿಗೆ ಹಿಡಿದ. "ವಾಲ್ವ್ ತೆರೆದಿದೆ ಅಂತ ಇಲ್ಲಿ ಹಸಿರು ದೀಪ ಉರೀತಿದೆ. ಇದು ಸುಳ್ಳು ಹೇಳ್ತದಾ, ನೀನು ಹೇಳ್ತೀಯಾ?"

"ಮಣ್ಣು ಮುಟ್ಟಿ ನೋಡಿ ಸಾರ್."

"ಮಣ್ಣು ಮುಟ್ಟೋಕೆ ನಿನ್ನ ಇಟ್ಕೊಂಡಿರೋದು. ಒಂದು ಗಿಡ ಒಣಗಿದ್ರೂ ಕೋಣೆ ಖಾಲಿ ಮಾಡಿಸ್ತೀನಿ."

ಅಂದಿನಿಂದ ಈ ಬಕೆಟ್ಟು. ಒಂದು ಮನೆಯ ನೀರು ಅಷ್ಟು ಗಿಡಕ್ಕೆ ಯಾವ ಮೂಲೆಗೆ? ಸಾಲಿನವರಿಗೆ ವಿಷಯ ತಿಳಿಯಿತು. ಕಸ ಗುಡಿಸುವ ಚಿಕ್ಕಮ್ಮ ಪಾತ್ರೆ ತೊಳೆದ ನೀರು ಎತ್ತಿಟ್ಟಳು. ಕಾವಲುಗಾರ ಕಾಲು ತೊಳೆಯುವಾಗ ಅಡಿಗೆ ಬೋಗುಣಿ ಇಟ್ಟುಕೊಂಡ. ಇಸ್ತ್ರಿ ಮಾವ ಸ್ನಾನದ ನೀರು ತಂದು ಸುರಿಯುತ್ತ, "ಈ ಗಿಡ ನನ್ನ ಬೆನ್ನಿನ ಮಣ್ಣು ತಿಂದೇ ಇಷ್ಟು ಮಿಂಚ್ತಿದೆ ನೋಡಕ್ಕ" ಎಂದು ನಗಿಸಿದ. ಬೆಳಕು ಹರಿಯುವ ಮೊದಲೇ ಎಲ್ಲ ಮುಗಿಯಬೇಕಿತ್ತು. ಬಾಲ್ಕನಿಗಳ ಕಣ್ಣಿಗೆ ಬಕೆಟ್ಟು ಬಿದ್ದರೆ ತೋಟದ ಅಂದ ಕೆಡುತ್ತದಂತೆ.

ಗಿಡ ಬದುಕಿತು. ಬರೀ ಬದುಕಲಿಲ್ಲ, ಹೂ ಬಿಟ್ಟಿತು. ತೋಟದ ನೀರಿನ ಮೀಟರು ಮಾತ್ರ ಅಲುಗಾಡಲಿಲ್ಲ. ಸುದ್ದಿ ಎಲ್ಲೆಲ್ಲಿಗೋ ಹೋಯಿತು. ನೀರು ಉಳಿಸಿದ ತೋಟಕ್ಕೆ ಬಹುಮಾನ ಕೊಡುವವರ ಕಾರುಗಳು ನೋಡಲು ಬಂದವು.

"ಇಷ್ಟು ತೋಟಕ್ಕೆ ಎಷ್ಟು ನೀರು ಹಿಡಿಯುತ್ತೆ?" ಬಂದವರಲ್ಲೊಬ್ಬ ಮೇಡಂ ಕೇಳಿದರು.

"ಇಲ್ಲ ಅನ್ನೋಷ್ಟು ಕಮ್ಮಿ ಮೇಡಂ," ಎಂದ ಮ್ಯಾನೇಜರ.

ಚಪ್ಪಾಳೆ ಬಿತ್ತು. ತೋಟದಕ್ಕನನ್ನೂ ಕರೆದು ಹೂಗಿಡದ ಪಕ್ಕ ನಿಲ್ಲಿಸಿ ಫೋಟೋ ಹೊಡೆದರು. ಅವಳು ಒದ್ದೆ ಸೆರಗನ್ನು ಹಿಂದಕ್ಕೆ ಮರೆಮಾಡಿಕೊಂಡು ನಿಂತಳು. ಅವಳಿಗೆ ಸಂತೋಷವೇ ಆಗಿತ್ತು. ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಕಾರುಗಳು ಹೋದ ಮೇಲೆ ಮ್ಯಾನೇಜರ ಅವಳನ್ನು ಆಫೀಸಿಗೆ ಕರೆಸಿದ. "ನೋಡಮ್ಮ, ನೀರೇ ಬೇಡದ ಗಿಡಕ್ಕೆ ಮಾಲಿ ಯಾಕೆ ಅಂತ ಮೇಲಿನವರು ಕೇಳ್ತಿದಾರೆ. ಈ ತಿಂಗಳು ಮುಗಿಸಿ ಕೋಣೆ ಬಿಡು."

ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಎಲ್ಲವನ್ನೂ ಹೇಳಿಬಿಟ್ಟಳು. ಟಬ್ಬು, ಬೋಗುಣಿ, ಪಾತ್ರೆ ತೊಳೆದ ನೀರು, ಒಂದನ್ನೂ ಬಿಡಲಿಲ್ಲ. "ಆ ಗಿಡ ಉಳಿದಿರೋದು ನಮ್ಮ ನೀರಲ್ಲಿ ಸಾರ್. ನಂಬಿ. ನನ್ನ ಕೂಸಿನ ನೀರು ಅದು."

ಅವನು ನಂಬಿದ. ನಂಬದಿದ್ದರೆ ಚೆನ್ನಾಗಿತ್ತು.

"ಅಂದ್ರೆ, ಗಿಡಕ್ಕೆ ಸುರಿಯೋಷ್ಟು ನೀರು ಮಿಗ್ತದೆ ನಿಮಗೆ," ಎಂದ ನಿಧಾನವಾಗಿ. "ಹಾಗಾದ್ರೆ ನಿಮಗೆ ಕೊಡೋದೇ ಜಾಸ್ತಿ ಆಯ್ತು."

ಮರುದಿನ ಪ್ಲಂಬರ್ ಬಂದು ಆಳುಗಳ ನಲ್ಲಿಯನ್ನೇ ಕಿತ್ತುಕೊಂಡು ಹೋದ. ಗೋಡೆಯಲ್ಲೊಂದು ತೂತು ಉಳಿಯಿತು, ಅದಕ್ಕೂ ಸಿಮೆಂಟು ಮೆತ್ತಿದರು. ಚಿಕ್ಕಮ್ಮ ಬಾಯಿಗೆ ಬಂದದ್ದನ್ನೆಲ್ಲ ಅಂದಳು, ಮ್ಯಾನೇಜರನಿಗಲ್ಲ, ತೋಟದಕ್ಕನಿಗೆ. "ನಿನಗೆ ನೀರು ಕೊಟ್ಟಿದ್ದಕ್ಕೆ ನಮ್ಮ ಗಂಟಲು ಒಣಗಿಸಿದೆಯಲ್ಲೇ." ತೋಟದಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡಳು.

ಇನ್ನು ನೀರೆಂದರೆ ಮಾರುಕಟ್ಟೆಯಾಚೆಯ ಬೀದಿ ನಲ್ಲಿ. ಕೊಡ ಹೊತ್ತು ರಸ್ತೆ ದಾಟಿ, ಬೈಸಿಕೊಂಡು, ಕಾದು ತರಬೇಕು. ಒಂದೇ ರಸ್ತೆಯಲ್ಲಿ ಕೊಡ ಹೊರುತ್ತ ಹೊರುತ್ತ ಚಿಕ್ಕಮ್ಮನ ಸಿಟ್ಟು ಇಳಿಯಿತು. ಸಿಟ್ಟು ಯಾರ ಮೇಲೆ ಇರಬೇಕಿತ್ತೋ ಅವರ ಕಡೆಗೆ ತಿರುಗಿತು.

ವಾರ ಕಳೆಯುವಷ್ಟರಲ್ಲಿ ಗಿಡಗಳು ಜೋಲು ಬಿದ್ದವು. ಬಹುಮಾನದ ಫಲಕ ನೆಡಲು ಅದೇ ಮೇಡಂ ಮತ್ತೆ ಬರುವವರಿದ್ದರು. ಅದರ ಹಿಂದಿನ ದಿನ ಬೆಳಿಗ್ಗೆ ಮ್ಯಾನೇಜರ ತಾನಾಗಿ ಸಾಲಿಗೆ ಬಂದ. ತೋಟದಕ್ಕ ಗಂಟುಮೂಟೆ ಕಟ್ಟುತ್ತಿದ್ದಳು. ಮಗಳು ಕೂಸಿಗೆ ನೀರು ಎರೆದು ಮುಗಿಸಿದ್ದಳು.

"ಕೋಣೆ ಇಟ್ಕೋ," ಎಂದ. "ಸಂಬಳ ಇಲ್ಲ. ಮೊದಲಿನ ಹಾಗೆ ನೀರು ಹಾಕ್ತಿರು, ಅಷ್ಟೇ. ಯಾರಿಗೂ ಗೊತ್ತಾಗಬಾರದು."

"ನಲ್ಲಿ?"

"ಅದು ಆಗಲ್ಲ. ಮೀಟರಲ್ಲಿ ಬೀಳ್ತದೆ."

ತೋಟದಕ್ಕ ಮಗಳ ಮುಖ ನೋಡಿದಳು. ಮಗಳು ಕೂಸನ್ನು ಎದೆಗವಚಿಕೊಂಡು ಟಬ್ಬನ್ನು ತಾಯಿಯ ಕಡೆಗೆ ತಳ್ಳಿದಳು. ತೋಟದಕ್ಕ ಅದನ್ನೆತ್ತಿಕೊಂಡು ತೋಟಕ್ಕೆ ನಡೆದಳು. ಹಿಂದೆಯೇ ಬೋಗುಣಿ ಹಿಡಿದು ಚಿಕ್ಕಮ್ಮ, ಬಕೆಟ್ಟು ಹಿಡಿದು ಇಸ್ತ್ರಿ ಮಾವ, ಕಾವಲುಗಾರ. ಮ್ಯಾನೇಜರನ ಮುಖ ಅರಳಿತು.

ಅವಳು ಗಿಡದ ಬುಡದವರೆಗೂ ಹೋಗಿ ಅದನ್ನು ದಾಟಿ ನಿಂತಳು. ಏನೂ ಬೆಳೆಯದ ಜಾಗದಲ್ಲಿ, ಬಿಳಿ ಜಲ್ಲಿಯ ಮೇಲೆ, ಟಬ್ಬನ್ನು ಬೋರಲು ಹಾಕಿದಳು. ಉಳಿದವರೂ ಅಲ್ಲೇ ಸುರಿದರು.

"ಗಿಡಕ್ಕೆ, ಗಿಡಕ್ಕೆ ಹಾಕಿ," ಎಂದು ಅವನು ಜಲ್ಲಿಯ ಮೇಲೆ ಓಡಿ ಬಂದ. "ನೀರು ಹಾಳು ಮಾಡ್ತೀರಾ?"

"ಇದು ನಿಮ್ಮ ಮೀಟರಿನ ನೀರಲ್ಲ," ಎಂದಳು ತೋಟದಕ್ಕ. ಕೋಣೆಗೆ ಹಿಂದಿರುಗಿ ಖಾಲಿ ಟಬ್ಬಿನಲ್ಲಿ ಕೂಸಿನ ಬಟ್ಟೆಗಳನ್ನು ತುಂಬಿಕೊಂಡು, ಮಗಳ ಕೈ ಹಿಡಿದು, ಗೇಟಿನತ್ತ ನಡೆದಳು. ಕಾವಲುಗಾರ ಗೇಟನ್ನು ಪೂರ್ತಿ ತೆರೆದು ಹಿಡಿದ, ಕಾರಿಗೆ ತೆರೆಯುವ ಹಾಗೆ.