ಮಡಚಿದ ಟೇಪಿನ ತುದಿ

ಹೊಸ ಸ್ಪೀಕರ್ ಕೂರಿಸಲು ಅಪ್ಪ ತಮ್ಮ ಕಾರನ್ನು ಭಾವನ ಕೈಗೆ ಕೊಟ್ಟ ದಿನ ನನಗೆ ಊಟ ಸೇರಲಿಲ್ಲ. ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚು! ಕಾರುಗಳಿಗೆ ಸ್ಪೀಕರ್ ಕೂರಿಸುವ ನಮ್ಮ ಅಂಗಡಿಯಲ್ಲಿ ಹದಿನಾರು ವರ್ಷದಿಂದ ಬೆನ್ನು ಬಗ್ಗಿಸಿದವನು ನಾನು. ಅಕ್ಕನ ಗಂಡ ಬಂದು ಎರಡು ವರ್ಷ ಆಗಿಲ್ಲ. ಮುಂದಿನ ತಿಂಗಳಿಂದ ಅಪ್ಪ ಮನೆಯಲ್ಲೇ ಇರುತ್ತಾರೆ, ಅಂಗಡಿಯ ಬೀಗದಕೈ ನಮ್ಮಿಬ್ಬರಲ್ಲಿ ಒಬ್ಬರಿಗೆ ಸೇರುತ್ತದೆ. ಅಂಥ ಹೊತ್ತಲ್ಲಿ ಸ್ವಂತ ಕಾರನ್ನು ಅವನಿಗೆ ಒಪ್ಪಿಸಿದರೆ ಏನರ್ಥ?

"ಸ್ಟೀರಿಯೋ ಮಾತ್ರ ಕಂಪನಿಯದೇ ಇರ್ಲಿ," ಎಂದರು ಅಪ್ಪ. "ಆ ಗುಂಡಿಗಳು ನನ್ನ ಬೆರಳಿಗೆ ರೂಢಿಯಾಗಿವೆ. ಅದನ್ನ ಬದಲಾಯಿಸದೆ ಸೌಂಡ್ ಚೆನ್ನಾಗಿ ಮಾಡು, ನೋಡೋಣ."

"ಆಯ್ತು ಮಾವ," ಎಂದು ಭಾವ ಹಲ್ಲು ಕಿರಿದ. ಆ ನಗು ಕಂಡರೇ ನನಗೆ ಮೈಯೆಲ್ಲ ಉರಿ.

ಸ್ಟೀರಿಯೋ ಹಿಂದಿನ ವೈರುಗಳಿಂದ ಕನೆಕ್ಷನ್ ಎಳೆದ, ಸೀಟಿನಡಿ ಆಂಪ್ಲಿಫೈಯರ್ ಇಟ್ಟ, ಮುಂದಿನ ಎರಡು ಬಾಗಿಲಿಗೂ ಹೊಸ ಸ್ಪೀಕರ್ ಕೂರಿಸಿದ. ನಾನು ಪಕ್ಕದ ಕಾರಿನ ಬಾಗಿಲು ಬಿಚ್ಚುತ್ತಲೇ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಪ್ಪು ಹುಡುಕಿದೆ. ಹಾಳಾದ್ದು, ಒಂದೂ ಸಿಗಲಿಲ್ಲ! ಹಾಡು ಹಾಕಿದ. ಡ್ರಮ್ಮಿನ ಏಟು ನೇರ ನನ್ನ ಎದೆಗೇ ಬಿತ್ತು. ಅಷ್ಟು ಚೆನ್ನಾಗಿತ್ತು.

ಅವನು ಊಟಕ್ಕೆ ಹೋದ. ನಾನು ಎಡಬಾಗಿಲಿನ ಪ್ಯಾನೆಲ್ ಬಿಚ್ಚಿ, ಸ್ಪೀಕರಿನ ಎರಡು ವೈರುಗಳನ್ನು ಅದಲುಬದಲು ಮಾಡಿ, ಟೇಪು ಸುತ್ತಿ, ಮೊದಲಿದ್ದಂತೆ ಮುಚ್ಚಿಬಿಟ್ಟೆ. ಹೀಗೆ ಮಾಡಿದರೆ ಹಾಡೇನೋ ಬರುತ್ತದೆ. ಆದರೆ ಒಂದು ಸ್ಪೀಕರ್ ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ, ಡ್ರಮ್ಮಿನ ದನಿ ಸತ್ತೇಹೋಗುತ್ತದೆ.

ಸಂಜೆ ಅಪ್ಪ ಕಾರಲ್ಲಿ ಕೂತು ಗುಂಡಿ ತಿರುಗಿಸಿದರು. "ಏನಯ್ಯಾ ಇದು, ಖಾಲಿ ಡಬ್ಬ ಬಡಿದ ಹಾಗಿದೆ?"

ಭಾವನ ಮುಖ ಬಾಡಿತು. "ಬೆಳಿಗ್ಗೆ ಚೆನ್ನಾಗಿತ್ತು ಮಾವ. ನಾನೇ ಎಲ್ಲೋ ತಪ್ಪು ಮಾಡಿರ್ಬೇಕು."

"ಅಯ್ಯೋ ಪಾಪ," ಎಂದೆ. ಒಳಗೊಳಗೇ ಕುಣಿಯುತ್ತಿದ್ದೆ.

ಅಪ್ಪ ಬಲಬಾಗಿಲಿನ ಪ್ಯಾನೆಲ್ ಬಿಚ್ಚಿದರು. ಟೇಪಿನ ತುದಿ ಉಗುರಿಗೆ ಸಿಗಲಿಲ್ಲ. "ತುದಿ ಮಡಚಿ ಅಂಟಿಸು, ಬಿಚ್ಚೋವರಿಗೆ ಸುಲಭ ಆಗುತ್ತೆ ಅಂತ ಎಷ್ಟು ಸಲ ಹೇಳ್ಬೇಕು ನಿನಗೆ?" ಎಂದು ಭಾವನನ್ನು ಗದರಿದರು. ವೈರುಗಳು ಸರಿಯಾಗಿಯೇ ಇದ್ದವು.

ಆಮೇಲೆ ಎಡಬಾಗಿಲು. ಟೇಪು ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ಅಪ್ಪನ ಕೈ ಅಲ್ಲೇ ನಿಂತಿತು. ತುದಿ ಅಚ್ಚುಕಟ್ಟಾಗಿ ಮಡಚಿತ್ತು.

ನನ್ನ ದರಿದ್ರ ಕೈ, ಕೆಡಿಸುವಾಗಲೂ ಕಲಿತ ಬುದ್ಧಿ ಬಿಡಲಿಲ್ಲ!

ಅಪ್ಪ ಭಾವನನ್ನು ಸ್ಪ್ಯಾನರ್ ತರಲು ಒಳಗೆ ಕಳಿಸಿದರು. ನನ್ನ ಮುಖ ನೋಡದೆ ಹೇಳಿದರು: "ಬೀಗದಕೈ ನಿನಗೇ ಅಂತ ನಿನ್ನಕ್ಕನಿಗೆ ಹೇಳಿಯಾಗಿತ್ತು ಕಣೋ. ನಿನ್ನ ಕೈಕೆಳಗೆ ಇವನು ಕೆಲಸ ತೂಗಿಸ್ತಾನಾ ಅಂತ ನೋಡೋಕೆ ಕಾರು ಕೊಟ್ಟಿದ್ದೆ."

ಬಿಚ್ಚಿದ ಟೇಪಿನ ಚೂರನ್ನು ನನ್ನ ಕೈಗಿಟ್ಟರು.

"ವೈರು ಸರಿ ಮಾಡು."

ಮಾಡಿದೆ. ಭಾವ ಸ್ಪ್ಯಾನರ್ ಹಿಡಿದು ಬರುವಷ್ಟರಲ್ಲಿ ಡ್ರಮ್ಮು ಮತ್ತೆ ಎದೆ ಗುದ್ದುತ್ತಿತ್ತು. ಅಪ್ಪ ಜೇಬಿನಿಂದ ಬೀಗದಕೈ ಗೊಂಚಲು ತೆಗೆದು ಅವನ ಅಂಗೈಯಲ್ಲಿಟ್ಟು ಹೊರಟುಹೋದರು.

ಭಾವ ಅದನ್ನೂ ನೋಡಿದ, ನನ್ನನ್ನೂ ನೋಡಿದ. ಅವನ ಕಣ್ಣು ತುಂಬಿತ್ತು.

"ತಪ್ಪು ಹುಡುಕಿ ನನ್ನ ಮಾನ ಉಳಿಸಿದೆಯಲ್ಲ," ಎಂದ. "ನಿನ್ನ ಉಪಕಾರ ಮರೆಯಲ್ಲ ಕಣೋ."